ಹಳೆ ಹಂಚಿನ ಮನೆಯ ಮರ: ಕುಂಬು, ಕುಟ್ಟೆ, ಗೆದ್ದಲು — ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಒಳಗೆ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಗೆ, ಇನ್ನೂ ಸಾಕಷ್ಟು ಹಂಚಿನ ಮನೆಗಳು ಉಳಿದಿವೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಗೋಡೆ, ಮರದ ಮಾಡು (ಚಾವಣಿ), ಹಂಚು ಹೊರುವ ಪಕ್ಕಾಸುಗಳು, ಮುಚ್ಚಿಗೆ, ಅಟ್ಟ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ಇಷ್ಟು ಮರ ಇಟ್ಟುಕೊಂಡು ಬದುಕುವುದೆಂದರೆ ಪ್ರಶ್ನೆಗಳು ಇದ್ದದ್ದೇ. ಹೆಚ್ಚಾಗಿ ಕೇಳುವವು ಇಲ್ಲಿವೆ. ಕುಂಬು ಅಂದರೆ ಮರ ಕೊಳೆಯುವುದು, ಕುಟ್ಟೆ ಅಂದರೆ ಮರವನ್ನು ಪುಡಿ ಮಾಡುವ ಸಣ್ಣ ಹುಳು. ಎಲ್ಲದಕ್ಕೂ ಮೊದಲು ಒಂದು ಮಾತು: ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ, ಆಮೇಲೆ ಮದ್ದಿನ ಮಾತು. ಈ ಕ್ರಮ ತಿರುವುಮುರುವು ಮಾಡಿದವರ ದುಡ್ಡೇ ಜಾಸ್ತಿ ಹಾಳಾಗುವುದು.

ಪಕ್ಕಾಸಿನಿಂದ ಪುಡಿ ಬೀಳುತ್ತಿದೆ. ಯಾವ ಹುಳು ಅಂತ ಗೊತ್ತಾಗುವುದು ಹೇಗೆ?

ಹುಳು ಹುಡುಕಬೇಡಿ, ಪುಡಿ ನೋಡಿ. ಹುಳು ನಿಮ್ಮ ಕಣ್ಣಿಗೆ ಬೀಳುವುದು ಅಪರೂಪ. ನೆಲಕ್ಕೆ ಒಂದು ಬಿಳಿ ಕಾಗದ ಹಾಸಿ, ಎರಡು ದಿನ ಬಿಡಿ. ಬಿದ್ದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ.

ಮೈದಾ ಹಿಟ್ಟಿನಷ್ಟು ನುಣ್ಣಗಿದ್ದು, ಬೆರಳಿಗೆ ಒಂದು ಚೂರೂ ತರಿ ಸಿಗದಿದ್ದರೆ ಅದು ಕುಟ್ಟೆ. ಮರದ ಮೇಲೆ ಗುಂಡುಸೂಜಿಯ ತಲೆಯಷ್ಟು, ಅಂದರೆ 1ರಿಂದ 2 ಮಿ.ಮೀ. ಅಗಲದ ದುಂಡನೆಯ ತೂತುಗಳಿರುತ್ತವೆ. ತೂತು 3ರಿಂದ 6 ಮಿ.ಮೀ. ಇದ್ದರೆ ಅದು ಕುಟ್ಟೆಯದೇ ದೊಡ್ಡ ಬಳಗ. ಬಿದಿರಿನಲ್ಲಿ, ಹಸಿ ಮರದಲ್ಲಿ, ರಬ್ಬರ್ ಮರದಲ್ಲಿ ಇದರ ಕಾಟ ಹೆಚ್ಚು. ನಾವು ಕಾಣುವ ತೂತು ಹುಳು ಒಳಗೆ ಹೋದ ದಾರಿ ಅಲ್ಲ, ಬೆಳೆದು ದೊಡ್ಡದಾಗಿ ಹೊರಗೆ ಬಂದ ದಾರಿ. ತಿನ್ನುವ ಕೆಲಸ ಮುಗಿಸಿದ್ದು ಒಳಗಿದ್ದ ಮರಿಹುಳು.

ಪುಡಿಯಲ್ಲದೆ ಕಾಳು ಕಾಳಾಗಿ ಬಿದ್ದಿದ್ದರೆ, ಅಂದರೆ ಗಸಗಸೆಯಷ್ಟು ಸಣ್ಣ, ಗಟ್ಟಿ, ಎಲ್ಲಾ ಒಂದೇ ಅಳತೆಯ ಕಾಳುಗಳಾಗಿದ್ದರೆ ಕೂಡಲೇ ಎಚ್ಚರಾಗಿ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳಿಗೂ ಆರು ಮುಖ ಕಾಣುತ್ತದೆ. ಇದು ಒಣ ಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲಿಗೆ ಮಣ್ಣೂ ಬೇಡ, ನೆಲದ ಸಂಪರ್ಕವೂ ಬೇಡ. ಒಂದು ಕಿಟಕಿ ಚೌಕಟ್ಟು ಸಿಕ್ಕಿದರೆ ಅದರೊಳಗೇ ವರ್ಷಗಟ್ಟಲೆ ಸಂಸಾರ ಮಾಡುತ್ತದೆ.

ಗೋಡೆಯ ಮೇಲೆ ಮಣ್ಣಿನ ಗೆರೆ ಏರಿ ಹೋಗಿದ್ದರೆ ಅದು ಎಲ್ಲರಿಗೂ ಗೊತ್ತಿರುವ ನೆಲದ ಗೆದ್ದಲು, ನಮ್ಮ ಕಡೆಯ ಒರಲೆ. ಅಲ್ಲಿ ಪುಡಿ ಬೀಳುವುದಿಲ್ಲ. ತಿಂದ ಜಾಗದಲ್ಲೆಲ್ಲ ಮಣ್ಣು ತುಂಬಿರುತ್ತದೆ.

ಇನ್ನೊಂದಿದೆ. ತೂತುಗಳಿವೆ, ಅಂಚು ಕಪ್ಪಗಿದೆ, ಪುಡಿಯೇ ಇಲ್ಲ. ಅದು ಮರ ಕಡಿದು ಹಸಿಯಾಗಿ ಬಿದ್ದಿದ್ದಾಗ ಹೊಕ್ಕ ಹುಳುವಿನ ಗುರುತು. ಮರ ಒಣಗಿದ ಮೇಲೆ ಆ ಹುಳು ಬದುಕುವುದಿಲ್ಲ. ಅಜ್ಜನ ಕಾಲದ ತೊಲೆಯಲ್ಲಿ ಇಂಥ ತೂತು ತೋರಿಸಿ ಯಾರಾದರೂ ಮದ್ದು ಹೊಡೆಯಲು ಬಂದರೆ, ಚಾ ಕೊಟ್ಟು ಕಳಿಸಿ.

ತೂತು ಇದೆ ಸರಿ. ಹುಳು ಈಗಲೂ ಇದೆಯಾ, ಹೋಗಿ ಆಯಿತಾ?

ಮದ್ದಿಗೆ ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಒಂದು ಮೊಳದಷ್ಟು ಜಾಗ ಆರಿಸಿ. ಬ್ರಷ್‌ನಿಂದ ಗುಡಿಸಿ, ಅಲ್ಲಿರುವ ತೂತುಗಳಿಗೆಲ್ಲ ಮೇಣದ ಬತ್ತಿ ಉಜ್ಜಿ ಮುಚ್ಚಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ. ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಮೇಣ ಒಡೆದು ಹೊಸ ತೂತು ಬಂದಿದ್ದರೆ ಹುಳು ಜೀವಂತ ಇದೆ. ಇಲ್ಲದಿದ್ದರೆ ಅದು ಹಳೇ ಕಥೆ.

ಹೊಸ ತೂತಿನ ಒಳಗೆ ಬಿಳಿಯಾಗಿ, ಈಗ ಕೊರೆದ ಹಾಗೆ ಕಾಣುತ್ತದೆ. ಹಳೆಯದರಲ್ಲಿ ಮಸಿ, ಧೂಳು, ಜೇಡನ ಬಲೆ. ಆದರೆ ಹಳೆ ತೂತಿನಿಂದಲೂ ಪುಡಿ ಬೀಳುವುದುಂಟು. ಅಟ್ಟದ ಮೇಲೆ ಯಾರೋ ನಡೆದರೆ, ಬಾಗಿಲು ರಪ್ಪನೆ ಬಡಿದರೆ ಎಂದೋ ಸಿಕ್ಕಿಕೊಂಡಿದ್ದ ಪುಡಿ ಉದುರುತ್ತದೆ. ಹಾಗಾಗಿ ಒಂದು ದಿನದ ಪುಡಿ ನೋಡಿ ಹೆದರಬೇಡಿ.

ಕುಟ್ಟೆ ತಿನ್ನುವುದು ಮರದ ಹೊರಗಿನ ಬಿಳಿ ಭಾಗವನ್ನು ಮಾತ್ರ. ಅದರಲ್ಲಿರುವ ಗಂಜಿಯೇ ಅದರ ಊಟ. ಒಳಗಿನ ಗಟ್ಟಿ ಭಾಗ, ಅಂದರೆ ಚೇಗು, ಅದಕ್ಕೆ ಬೇಡ. ಹಳೆ ಮನೆಗಳ ತೊಲೆಯಲ್ಲಿ ಅಂಚಿನ ಬಿಳಿ ಭಾಗ ಪುಡಿಪುಡಿಯಾಗಿ, ನಡುವಿನ ಚೇಗು ಕಬ್ಬಿಣದ ಹಾಗೆ ಉಳಿದಿರುವುದನ್ನು ಎಷ್ಟೋ ಕಡೆ ನೋಡಬಹುದು. ಅಂಥ ತೊಲೆಯ ಹಾಳಾದ ಅಂಚನ್ನು ಕೆತ್ತಿ ತೆಗೆದು, ಉಳಿದ ದಪ್ಪ ಭಾರಕ್ಕೆ ಸಾಕಾ ಅಂತ ಆಚಾರಿಯವರ ಹತ್ತಿರ ಕೇಳಿ. ಎಷ್ಟೋ ಸಲ ಸಾಕಾಗುತ್ತದೆ.

ಕುಂಬು ಹಿಡಿದಿದೆಯಾ ಅಂತ ನೋಡುವುದು ಹೇಗೆ? ಮೇಲಿನಿಂದ ಚೆನ್ನಾಗಿಯೇ ಕಾಣುತ್ತದಲ್ಲ?

ಅಲ್ಲೇ ಮೋಸ. ಕುಂಬು ಒಂದು ಶಿಲೀಂಧ್ರದ ಕೆಲಸ. ಒಣ ಮರದ ತೂಕಕ್ಕೆ ಹೋಲಿಸಿದರೆ ಅದರಲ್ಲಿರುವ ನೀರು ಶೇ 20ಕ್ಕಿಂತ ಕೆಳಗಿದ್ದರೆ ಅದು ಏಳುವುದಿಲ್ಲ. ಶೇ 26–30 ದಾಟಿ ಹಾಗೇ ಉಳಿದರೆ ತಿನ್ನಲು ಶುರು ಮಾಡುತ್ತದೆ. ಜುಲೈಯಲ್ಲಿ ನಮ್ಮ ಗಾಳಿಯ ತೇವ ಶೇ 90 ಮುಟ್ಟಿದಾಗ, ನೀರೇ ಸೋಕದ ಮರದಲ್ಲೂ ತೇವ ಶೇ 20ರ ಹತ್ತಿರ ಬಂದಿರುತ್ತದೆ. ಅಂದರೆ ಗಡಿಯಲ್ಲೇ ನಿಂತಿರುತ್ತದೆ. ಒಂದು ಹಂಚು ಜಾರಿದರೆ ಸಾಕು.

ಬೇಕಾದ್ದು ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಟಾರ್ಚ್. ಮರಕ್ಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕುಂಬಾದದ್ದು ದೊಬ್ ಅನ್ನುತ್ತದೆ. ಸದ್ದು ಬದಲಾದ ಕಡೆ ತುದಿಯಿಂದ ಒತ್ತಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿ.ಮೀ. ಹೋಗಿ ನಿಲ್ಲುತ್ತದೆ. ಕುಂಬಾದ ಕಡೆ ಅರ್ಧ ಇಂಚು ಸದ್ದಿಲ್ಲದೆ ಇಳಿಯುತ್ತದೆ. ಈಗ ಒಂದು ಸೀಳನ್ನು ಮೀಟಿ ಎಬ್ಬಿಸಿ. ಒಳ್ಳೆಯ ಮರ ಉದ್ದಕ್ಕೆ ನಾರುನಾರಾಗಿ, ಚಟಪಟ ಸದ್ದು ಮಾಡುತ್ತಾ ಏಳುತ್ತದೆ. ಕುಂಬಾದದ್ದು ಅಲ್ಲೇ ತುಂಡಾಗಿ ಬಿಟ್ಟುಬಿಡುತ್ತದೆ.

ಕುಂಬಿನಲ್ಲಿ ಎರಡು ಬಗೆ ನಮ್ಮಲ್ಲಿ ಸಾಮಾನ್ಯ. ಒಂದರಲ್ಲಿ ಮರ ಕಂದು ಬಣ್ಣಕ್ಕೆ ತಿರುಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ ಒಡೆಯುತ್ತದೆ. ಬೆರಳಲ್ಲಿ ತಿಕ್ಕಿದರೆ ಪುಡಿ. ಇನ್ನೊಂದರಲ್ಲಿ ಬಣ್ಣ ಬಿಳಿಚಿ, ನಾರುನಾರಾಗಿ, ಮೆತ್ತಗಾಗುತ್ತದೆ. ಮೊದಲನೆಯದು ಹೆಚ್ಚು ಅಪಾಯ. ಕಣ್ಣಿಗೆ ಏನೂ ಕಾಣುವ ಮೊದಲೇ ಮರದ ಶಕ್ತಿ ಬಹಳಷ್ಟು ಹೋಗಿರುತ್ತದೆ.

ಎಲ್ಲಿ ನೋಡಬೇಕು? ಮನೆ ಇಡೀ ಒತ್ತಿ ನೋಡಲು ಆಗುತ್ತದಾ?

ಬೇಡ. ಮರ ಗೋಡೆಗೆ, ನೆಲಕ್ಕೆ, ನೀರಿಗೆ ತಾಗುವ ಕಡೆ ನೋಡಿದರೆ ಸಾಕು.

ತೊಲೆಯ ತುದಿಗೆ ಮೊದಲ ಸ್ಥಾನ. ಮುರಕಲ್ಲು ಉದ್ದಕ್ಕೂ ತೂತುತೂತು. ಮಳೆ ಬಡಿಯುವ ಪಡುವಣ ಗೋಡೆ ನೀರು ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಅದರೊಳಗೆ ಒಂದು ಅಡಿ ಹೂತ ತೊಲೆಯ ತುದಿ ಆ ನೀರನ್ನೇ ಕುಡಿಯುತ್ತಿರುತ್ತದೆ. ಮರ ಹೆಚ್ಚು ನೀರು ಹೀರುವುದು ಮೈಯಿಂದಲ್ಲ, ಕೊಯ್ದ ತುದಿಯಿಂದ. ಹಳಬರು ಸುಣ್ಣದ ಗಾರೆ ಹಾಕಿದ್ದರು. ಅದು ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಅದರ ಮೇಲೆ ಸಿಮೆಂಟ್ ಸಾರಣೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ನೀರು ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. 'ಗೋಡೆ ರಿಪೇರಿ ಮಾಡಿಸಿದ ಮೇಲೆಯೇ ತೊಲೆ ಹೋಯಿತು' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಎರಡನೆಯದು ಎರಡು ಮಾಡು ಕೂಡುವ ಮೂಲೆಯ ತಗಡು. ಹಲಸಿನ ಎಲೆ, ಅಡಿಕೆ ಹಾಳೆಯ ಚೂರು ಬಿದ್ದು ಅಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಉಕ್ಕಿ ಒಳಗೆ ಇಳಿಯುತ್ತದೆ. ಅದರ ಕೆಳಗಿನ ಮರವನ್ನು ಅಟ್ಟ ಹತ್ತಿ ಮುಟ್ಟಿ ನೋಡಿ.

ಬಚ್ಚಲಿನ ಬಾಗಿಲಿನ ದಾರಂದದ ಬುಡ, ಜಗಲಿಯ ಕಂಬದ ಬುಡ, ಮಾಡಿನ ಅಂಚಿನಲ್ಲಿ ಪಕ್ಕಾಸಿನ ತುದಿಗೆ ಹೊಡೆದ ಹಲಗೆ, ತೆಂಗಿನಕಾಯಿ ಬಿದ್ದು ಹಂಚು ಒಡೆದ ಜಾಗ, ಮಂಗಗಳು ಓಡಾಡುವ ದಾರಿ. ಇವಿಷ್ಟು ನೋಡಿದರೆ ಮುಕ್ಕಾಲು ಕೆಲಸ ಆದ ಹಾಗೆ. ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ.

ತೇವ ಅಳೆಯುವ ಎರಡು ಮುಳ್ಳಿನ ಸಣ್ಣ ಮೀಟರ್ ಸಿಗುತ್ತದೆ. ಹಳೆ ಮನೆ ಇರುವವರು ಒಂದು ಇಟ್ಟುಕೊಂಡರೆ ನಷ್ಟವಿಲ್ಲ. ಅದು ತೋರಿಸುವ ಅಂಕಿಗಿಂತ ಒಂದೇ ತೊಲೆಯ ನಡುವಿಗೂ ತುದಿಗೂ ಇರುವ ವ್ಯತ್ಯಾಸ ಮುಖ್ಯ.

ಇಂಟರ್ನೆಟ್‌ನಲ್ಲಿ ಓದಿದೆ: 'ಡ್ರೈ ರಾಟ್' ಬಂದರೆ ಗೋಡೆಯೊಳಗಿನಿಂದ ಮನೆಯಿಡೀ ಹಬ್ಬುತ್ತದಂತೆ. ಹೆದರಿಕೆ ಆಗುತ್ತಿದೆ.

ಅದು ಇಂಗ್ಲೆಂಡ್, ಯುರೋಪಿನ ಚಳಿ ಮನೆಗಳ ಕಾಯಿಲೆ. ಸರ್ಪುಲಾ ಲ್ಯಾಕ್ರಿಮನ್ಸ್ ಅನ್ನುವ ಆ ಶಿಲೀಂಧ್ರಕ್ಕೆ 20 ಡಿಗ್ರಿ ಆಸುಪಾಸಿನ ತಂಪು ಬೇಕು. 26–27 ಡಿಗ್ರಿ ದಾಟಿದರೆ ಬೆಳೆಯುವುದೇ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಅದು ಕಾಡಿನಲ್ಲಿ ಸಿಕ್ಕಿದ್ದು ಹಿಮಾಲಯದ ಕಡೆ. ಕುಂಬಳೆಯ ಸೆಖೆಯಲ್ಲಿ ಅದಕ್ಕೆ ಬಾಳ್ವೆ ಇಲ್ಲ. ಅಲ್ಲಿಯವರ ಸಲಹೆಯಂತೆ ಗೋಡೆಯನ್ನೆಲ್ಲ ಕೊರೆದು ಮದ್ದು ತುಂಬಿಸುವುದು ನಮಗೆ ಅನಾವಶ್ಯಕ. ಅಲ್ಲಿಯ ಮನೆಗಳ ಮಾಮೂಲಿ 'ವುಡ್‌ವರ್ಮ್' ಕೂಡ ಬೇರೆಯೇ ಹುಳು.

ಮಳೆಗಾಲದಲ್ಲಿ ಬಾಗಿಲು, ಕಪಾಟಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಇದು ಕುಂಬಿನ ಶುರುವಾ?

ಅಲ್ಲ. ಬೂಷ್ಟು ಮೇಲಿನ ಕೊಳೆ, ಎಣ್ಣೆ ಪಸೆ ತಿಂದು ಬದುಕುತ್ತದೆ, ಮರ ತಿನ್ನುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಕಿಟಕಿ ತೆಗೆದಿಡಿ. ಆದರೆ ಒಂದೇ ಜಾಗದಲ್ಲಿ ಪದೇ ಪದೇ ಬಂದರೆ ಅಲ್ಲಿ ನೀರಿದೆ ಅಂತ ಅರ್ಥ.

ಅಜ್ಜಿಯ ಕಾಲದಲ್ಲಿ ಏನೂ ಆಗದ ಅಡುಗೆಕೋಣೆ ಮಾಡು ಈಗ ಹಾಳಾಗುತ್ತಿದೆ. ಯಾಕೆ?

ಗ್ಯಾಸ್ ಬಂತು, ಹೊಗೆ ಹೋಯಿತು. ಸೌದೆ ಒಲೆಯ ಬಿಸಿ ಮತ್ತು ಹೊಗೆ ಆಟಿ ತಿಂಗಳ ಜಡಿಮಳೆಯಲ್ಲೂ ಅಟ್ಟವನ್ನು ಒಣಗಿಸುತ್ತಿದ್ದವು. ಮಸಿ ಹಿಡಿದ ಮರಕ್ಕೆ ಹುಳು ಬರುವುದೂ ಕಡಿಮೆ. ಬಿದಿರು, ಬೀಜದ ಸೌತೆ, ಬುಟ್ಟಿಗಳನ್ನೆಲ್ಲ ಒಲೆಯ ಮೇಲೆಯೇ ಕಟ್ಟುತ್ತಿದ್ದರಲ್ಲ. ಈಗ ಅದೇ ಅಟ್ಟಕ್ಕೆ ಕುಕ್ಕರಿನ ಹಬೆ ಮಾತ್ರ ಹೋಗುತ್ತದೆ. ಒಲೆ ವಾಪಸ್ಸು ತನ್ನಿ ಅಂತ ಹೇಳುತ್ತಿಲ್ಲ. ಹೊಗೆಗೂಡನ್ನು ಮುಚ್ಚಬೇಡಿ, ಹಂಚಿನ ನಡುವೆ ಗಾಳಿ ಹಂಚು ಕೂರಿಸಿ, ಹಬೆ ಹೊರಗೆ ಹೋಗಲು ಒಂದು ಫ್ಯಾನ್ ಹಾಕಿ.

ಬದಲಿಸುವುದಾದರೆ ಯಾವ ಮರ ಒಳ್ಳೆಯದು?

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರ ಹಳೆಯ ಪರೀಕ್ಷೆ ಒಂದಿದೆ. ಎರಡು ಅಡಿ ಉದ್ದ, ಎರಡು ಇಂಚು ದಪ್ಪದ ಮರದ ತುಂಡುಗಳನ್ನು ಅರ್ಧ ನೆಲದಲ್ಲಿ ಹೂತು ಎಷ್ಟು ಕಾಲ ಬಾಳುತ್ತವೆ ನೋಡುವುದು. 120 ತಿಂಗಳು ದಾಟಿದರೆ ಮೊದಲ ದರ್ಜೆ, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ, ಹೊನ್ನೆ, ಕಿರಾಲುಬೋಗಿ ಮೊದಲ ದರ್ಜೆಯವು. ಮಾವು ಮೂರನೆಯದು. ಆದರೆ ಈ ದರ್ಜೆ ಚೇಗಿಗೆ ಮಾತ್ರ. ತೇಗದ ಬಿಳಿ ಭಾಗಕ್ಕೂ ಮಾವಿಗೂ ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹತ್ತು ಹದಿನೈದು ವರ್ಷದ ಎಳೆ ತೇಗವನ್ನು 'ಸಾಗುವಾನಿ' ಅಂತ ಮಾರುತ್ತಾರೆ. ಮಿಲ್ಲಿಗೆ ನೀವೇ ಹೋಗಿ, ಕೊಯ್ದ ತುದಿ ನೋಡಿ, ಚೇಗು ಎಷ್ಟಿದೆ ಲೆಕ್ಕ ಹಾಕಿ.

ಹಲಸಿನ ಚೇಗು ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದು. ನನ್ನ ಓಟು ಅದಕ್ಕೇ. ಮನೆಯಂಗಳದಲ್ಲೇ ಬೆಳೆದ ಹಳೆ ಹಲಸು ಇದ್ದರೆ ಅಂಗಡಿಯ ಎಳೆ ತೇಗಕ್ಕಿಂತ ಎಷ್ಟೋ ಮೇಲು.

ತೆಂಗಿನ ಮರ ತಗೊಂಡರೆ ಹಳೆಯ ಮರದ ಹೊರಸುತ್ತಿನ ಗಟ್ಟಿ ಭಾಗ ಮಾತ್ರ. ನಡುವಿನದ್ದು ಮೆತ್ತಗೆ, ಬೇಗ ಕೊಳೆಯುತ್ತದೆ. ಅಡಿಕೆ ಮರದ ಸಲಾಕೆಗೂ ಹಾಗೇ, ಒಳಗಿನ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಬೇಕು. ರಬ್ಬರ್ ಮರದಲ್ಲಿ ಗಂಜಿ ತುಂಬಿದೆ. ಮದ್ದು ಒತ್ತಡದಲ್ಲಿ ಒಳಗೆ ಇಳಿಸಿ, ಒಣಗಿಸಿ ತಂದದ್ದಾದರೆ ಪೀಠೋಪಕರಣಕ್ಕೆ ಚೆನ್ನಾಗಿದೆ. ತ್ರಿಶ್ಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಇದರ ಮೇಲೆ ಬಹಳ ಕೆಲಸ ಮಾಡಿದೆ. ತೋಟದಿಂದ ನೇರ ತಂದು ಪಕ್ಕಾಸು ಮಾಡಿದರೆ ಮಾತ್ರ ಕುಟ್ಟೆಗೆ ಔತಣ.

ಅಮಾವಾಸ್ಯೆ ಹತ್ತಿರ ಕಡಿದರೆ ಹುಳು ಬರುವುದಿಲ್ಲ ಅನ್ನುತ್ತಾರೆ. ಕೆರೆಯಲ್ಲಿ ಮುಳುಗಿಸಿ ಇಡುವುದೂ ನಂಬಿಕೆಯೇನಾ?

ಮುಳುಗಿಸುವುದು ನಂಬಿಕೆ ಅಲ್ಲ, ಕೆಲಸ ಮಾಡುತ್ತದೆ. ಕೆಲವು ವಾರ, ತಿಂಗಳು ನೀರಲ್ಲಿ ಇದ್ದಾಗ ಗಂಜಿ ಮತ್ತು ಸಕ್ಕರೆ ಅಂಶ ಕರಗಿ ಹೋಗುತ್ತವೆ. ಕುಟ್ಟೆಗೆ ಊಟವೇ ಇರುವುದಿಲ್ಲ. ಗೆದ್ದಲಿಗೆ ಇದರಿಂದ ತಡೆಯಿಲ್ಲ, ಅದು ಬೇರೆ ವಿಷಯ. ತೋಡಿನ ನೀರಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ವಾಸನೆ ಕಡಿಮೆ. ಆಮೇಲೆ ನೆರಳಲ್ಲಿ, ನಡುವೆ ಕಡ್ಡಿ ಕೊಟ್ಟು ಅಟ್ಟಿ ಮಾಡಿ ಒಣಗಿಸಿ.

ಚಂದ್ರನ ಲೆಕ್ಕಕ್ಕಿಂತ ಕಾಲದ ಲೆಕ್ಕ ಮುಖ್ಯ. ಬಿದಿರಾಗಲಿ ಮರವಾಗಲಿ, ಮಳೆ ಮುಗಿದ ಮೇಲೆ, ಹೊಸ ಚಿಗುರು ಇಲ್ಲದಾಗ ಕಡಿಯಿರಿ. ಆ ತಿಂಗಳಿನಲ್ಲಿ ಹಿರಿಯರ ಸಮಾಧಾನಕ್ಕೆ ಕತ್ತಲೆ ಪಕ್ಷವನ್ನೇ ಆರಿಸಿದರೆ ಖರ್ಚೇನೂ ಇಲ್ಲ.

ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್, ಗೇರೆಣ್ಣೆ — ಯಾವುದು ಬಳಿಯಬಹುದು?

ಸೀಮೆಎಣ್ಣೆ ನಾಲ್ಕು ದಿನದಲ್ಲಿ ಆವಿಯಾಗಿ ಹೋಗುತ್ತದೆ. ತಾಗಿದ ಹುಳು ಸಾಯಬಹುದು, ರಕ್ಷಣೆ ಉಳಿಯುವುದಿಲ್ಲ. ಮರದ ಅಟ್ಟಕ್ಕೆ ಸೀಮೆಎಣ್ಣೆ ಹೊಡೆದು, ಕೆಳಗೆ ದೀಪ ಹಚ್ಚುವವರಿಗೆ ಏನು ಹೇಳುವುದು!

ಗ್ಯಾರೇಜಿನ ಹಳೆ ಆಯಿಲ್ ಬೇಡ. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ಮನೆಯೊಳಗೆ ವಾಸನೆ ಹೋಗುವುದಿಲ್ಲ, ಮುಂದೆ ಪೇಂಟೂ ಕೂರುವುದಿಲ್ಲ. ತೊಲೆಯ ತುದಿಗೆ ದಪ್ಪಗೆ ಡಾಂಬರು ಬಳಿಯುವುದು ಇನ್ನೊಂದು ಅಭ್ಯಾಸ. ಒಣಗದ ಮರಕ್ಕೆ ಬಳಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ.

ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ನಮ್ಮ ಕರಾವಳಿಯ ಹಳೆ ಮದ್ದು. ದೋಣಿಗೂ ಬಳಿಯುತ್ತಿದ್ದರು. ಹೊರಗಿನ ಕಂಬ, ಬೇಲಿಗೂಟ, ಕೊಟ್ಟಿಗೆಯ ಮರಕ್ಕೆ ಈಗಲೂ ಒಳ್ಳೆಯದೇ. ಕಪ್ಪಾಗುತ್ತದೆ, ಒಣಗಲು ತಡ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ.

ಮನೆಯಲ್ಲೇ ಮಾಡಬಹುದಾದ, ಹೆಚ್ಚು ವಿಷವಲ್ಲದ ಮದ್ದು ಇದೆಯಾ?

ಇದೆ, ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್. 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆ್ಯಸಿಡ್. ಎರಡೂ ಸೇರಿದರೆ ಚೆನ್ನಾಗಿ ಕರಗುತ್ತವೆ. ಕುಟ್ಟೆಗೂ ಕುಂಬಿಗೂ ಇದು ಆಗುತ್ತದೆ.

ಇದರ ಗುಟ್ಟು ಹಸಿ ಮರದಲ್ಲಿದೆ. ಈ ಉಪ್ಪು ನೀರಿನ ಜೊತೆಗೇ ಮರದೊಳಗೆ ಸಾಗುತ್ತದೆ. ಹೊಸದಾಗಿ ಕೊಯ್ದ ಹಲಗೆ, ಬಿದಿರನ್ನು ಇದರಲ್ಲಿ ನೆನೆಸಿ, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಟ್ಟರೆ ಒಳತನಕ ಇಳಿಯುತ್ತದೆ. ಒಣ ಮರಕ್ಕೆ ಬ್ರಷ್‌ನಲ್ಲಿ ಎರಡು ಮೂರು ಕೋಟ್ ಹಚ್ಚಿದರೆ ಮೇಲಿನ ಪದರಕ್ಕೆ ಮಾತ್ರ. ಆದರೂ ಪ್ರಯೋಜನ ಉಂಟು: ಹೊರಗೆ ಬರುವ, ಮತ್ತೆ ಮೊಟ್ಟೆ ಇಡಲು ಬರುವ ಹುಳುವಿಗೆ ತಡೆ. ವಾರ್ನಿಷ್ ಇದ್ದರೆ ಮೊದಲು ಉಜ್ಜಿ ತೆಗೆಯಬೇಕು. ಮಳೆ ಹೊಡೆಯುವ ಕಡೆ ಹಚ್ಚಿ ಫಲವಿಲ್ಲ, ತೊಳೆದು ಹೋಗುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ, ದನ ನೆಕ್ಕದ ಹಾಗೆ ನೋಡಿಕೊಳ್ಳಿ. ಕಡಿಮೆ ವಿಷ ಅಂದರೆ ವಿಷವೇ ಅಲ್ಲ ಅಂತ ಅಲ್ಲ.

ಗೆದ್ದಲಿಗೆ ನೆಲ ಕೊರೆದು ಮದ್ದು ಹಾಕಿಸಬೇಕಾ? ಬಾವಿ ಪಕ್ಕದಲ್ಲೇ ಇದೆ.

ನೆಲದ ಗೆದ್ದಲಿಗೆ ಇರುವ ಒಪ್ಪಿತ ಕ್ರಮ ಐಎಸ್ 6313 ಅನ್ನುವ ಭಾರತೀಯ ಮಾನಕದಲ್ಲಿದೆ. ಗೋಡೆಯೂ ನೆಲವೂ ಕೂಡುವ ಕಡೆ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು, ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ಮದ್ದು ಇಳಿಸಿ ಮುಚ್ಚುವುದು. ಸರಿಯಾಗಿ ಮಾಡಿದರೆ ವರ್ಷಗಟ್ಟಲೆ ತಡೆಯುತ್ತದೆ.

ಆದರೆ ನಮ್ಮ ನೆಲವನ್ನು ಮರೆಯಬಾರದು. ಮುರಕಲ್ಲಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಗುಡ್ಡದ ಬುಡದ ಎಷ್ಟೋ ಮನೆಗಳ ಕುಡಿಯುವ ನೀರು ಬರುವುದೇ ಸುರಂಗದಿಂದ, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಿಲದಿಂದ. ಹಿತ್ತಿಲ ಸುರಂಗದ ಮೇಲ್ಭಾಗದಲ್ಲೋ ಬಾವಿಕಟ್ಟೆಯ ಹತ್ತಿರವೋ ಮದ್ದು ಇಳಿಸಿದರೆ ಅದು ಎಲ್ಲಿ ಸೇರುತ್ತದೆ ಅಂತ ಹೇಳಬೇಕಾಗಿಲ್ಲ. ಎಣ್ಮಕಜೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, ಆಮೇಲೆ ಜನರ ಆರೋಗ್ಯ ಹಾಳಾದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ನಿಷೇಧಿಸಿದ್ದು ನಮಗೆ ಗೊತ್ತು. ಈ ಜಿಲ್ಲೆಯಲ್ಲಿ ಕೂತು 'ಸ್ವಲ್ಪ ಜಾಸ್ತಿ ಹಾಕಿ ಬಿಡಿ' ಅನ್ನುವ ಮಾತು ಬರಬಾರದು.

ಬಾವಿ ಹತ್ತಿರ ಇದ್ದರೆ ಆ ಬದಿಯಲ್ಲಿ ನೆಲಕ್ಕೆ ಮದ್ದು ಬೇಡ. ಮಣ್ಣಿನ ಗೆರೆ ಕಂಡಾಗ ಒಡೆದು ಗುಡಿಸಿ, ಗೆದ್ದಲು ಹೊರಗೆ ಬಂದ ಬಿರುಕನ್ನು ಸಿಮೆಂಟಿನಿಂದ ಮುಚ್ಚಿ. ಗೋಡೆಗೆ ಒರಗಿಸಿದ ಸೌದೆ, ಮಡಲು, ರಟ್ಟಿನ ಪೆಟ್ಟಿಗೆ ತೆಗೆಯಿರಿ. ಮರದ ಕಂಬ ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿ. ತಿಂಗಳಿಗೊಮ್ಮೆ ನೋಡುತ್ತಾ ಇರಿ. ಬೇಸರದ ಕೆಲಸ ನಿಜ, ಆದರೆ ಆಗುತ್ತದೆ.

ಒಣ ಮರದ ಗೆದ್ದಲಿಗೆ ನೆಲ ಕೊರೆದು ಮದ್ದು ಹಾಕಿ ಏನೂ ಪ್ರಯೋಜನವಿಲ್ಲ. ಅದು ನೆಲದಲ್ಲಿಯೇ ಇಲ್ಲವಲ್ಲ! ತಿಂದ ಚೌಕಟ್ಟನ್ನು ತೆಗೆದು ಸುಡುವುದು, ಅಥವಾ ಅದರ ಗೂಡಿಗೇ ಸಣ್ಣ ತೂತು ಕೊರೆದು ಮದ್ದು ಚುಚ್ಚುವುದು. ಆರು ಮುಖದ ಕಾಳು ತೋರಿಸಿದ ಮೇಲೂ 'ಮನೆಯಿಡೀ ನೆಲ ಕೊರೆಯಬೇಕು' ಅನ್ನುವವರಿಗೆ ಕೆಲಸ ಗೊತ್ತಿಲ್ಲ, ಅಥವಾ ಚೆನ್ನಾಗಿ ಗೊತ್ತಿದೆ.

ಹಿತ್ತಿಲಲ್ಲಿ ಹುತ್ತ ಇದೆ. ಒಡೆಸಬೇಕಾ?

ನಾಗಬನದ ಹತ್ತಿರದ್ದಾದರೆ ಯಾರೂ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಮನೆಗೆ ಬರುವ ಗೆದ್ದಲು ಅದೇ ಹುತ್ತದ್ದು ಅನ್ನಲು ಆಧಾರವಿಲ್ಲ. ಹುತ್ತವೇ ಇಲ್ಲದೆ ನೆಲದಡಿ ಇರುವ ಗೂಡುಗಳೂ ಬೇಕಾದಷ್ಟು.

ತೊಲೆಯ ತುದಿ ಕುಂಬಾಗಿದೆ. ಮಾಡು ಪೂರ್ತಿ ಬಿಚ್ಚಬೇಕಾ?

ಸಾಮಾನ್ಯವಾಗಿ ಬೇಡ. ಮೊದಲು ತೊಲೆಗೆ ಕೆಳಗಿನಿಂದ ಜಾಕಿ ಕೊಟ್ಟು ಆನಿಸಬೇಕು. ಇದನ್ನು ಬಿಟ್ಟು ಏನನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ನೀರು ಬರುವ ದಾರಿ ಮುಚ್ಚಬೇಕು. ಕುಂಬಾದ ಭಾಗವನ್ನು ಗಟ್ಟಿ ಮರ ಸಿಕ್ಕಿದ ಮೇಲೂ ಒಂದು ಅಡಿ ಮುಂದಕ್ಕೆ ಹೋಗಿ ಕೊಯ್ಯಬೇಕು. ಕಣ್ಣಿಗೆ ಕಾಣುವಲ್ಲಿಗೆ ಶಿಲೀಂಧ್ರ ನಿಂತಿರುವುದಿಲ್ಲ. ಹೊಸ ತುಂಡನ್ನು ಓರೆಯಾಗಿ ಕೊಯ್ದು ಜೋಡಿಸಿ, ಎರಡೂ ಬದಿಗೆ ತುಕ್ಕು ಹಿಡಿಯದ ಪಟ್ಟಿ ಇಟ್ಟು ಬೋಲ್ಟ್ ಹಾಕುತ್ತಾರೆ. ಜೋಡಣೆ ಎಲ್ಲಿ, ಪಟ್ಟಿ ಎಷ್ಟು ದಪ್ಪ ಅನ್ನುವುದು ತೊಲೆ ಹೊರುವ ಭಾರದ ಮೇಲೆ ಹೋಗುತ್ತದೆ. ದೊಡ್ಡ ತೊಲೆಯಾದರೆ ಎಂಜಿನಿಯರ್ ಒಬ್ಬರು ನೋಡಲಿ.

ಹೊಸ ತುದಿಯನ್ನು ಗೋಡೆಗೆ ಸೇರಿಸುವಾಗ ಗಾರೆ ತುಂಬಿ ಬಿಗಿ ಮಾಡಿಸಬೇಡಿ. ಸುತ್ತ ಬೆರಳು ಹೋಗುವಷ್ಟು ಗಾಳಿ ಜಾಗ ಬಿಡಿ. ಕೆಳಗೆ ಒಂದು ಗ್ರಾನೈಟ್ ಚೂರು ಇಟ್ಟು ಅದರ ಮೇಲೆ ಕೂರಿಸಿ. ಕೊಯ್ದ ತುದಿಗೆ ಬೋರಾಕ್ಸ್ ನೀರು ಚೆನ್ನಾಗಿ ಕುಡಿಸಿ. ಆಚಾರಿಯವರು 'ಅಲುಗಾಡುತ್ತದೆ' ಅನ್ನಬಹುದು. ಅಡ್ಡಕ್ಕೆ ಅಲುಗದ ಹಾಗೆ ಎರಡು ಬೆಣೆ ಸಾಕು.

ಮಧೂರು ದೇವಸ್ಥಾನದಂಥ ಕಡೆ ಇರುವ ಹಾಗೆ ಕೆತ್ತನೆ ಇರುವ ಮರವಾದರೆ ಲೆಕ್ಕ ಬೇರೆ. ಅಲ್ಲಿ ಹಾಳಾದದ್ದನ್ನು ಕೊಯ್ಯುವ ಬದಲು ಗಟ್ಟಿಗೊಳಿಸುವ ದಾರಿ ಹುಡುಕಬೇಕು. ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಕೆತ್ತನೆ ಕಂಬಕ್ಕೂ ಇದೇ ಮಾತು. ದಪ್ಪ ಎನಾಮಲ್ ಪೇಂಟ್ ಬಳಿದು ಮುಗಿಸಿಬಿಡಬೇಡಿ.

ಹಂಚಿನ ಮೇಲೆ ಶೀಟ್ ಹಾಕಿದರೆ ತಲೆಬಿಸಿ ಮುಗಿಯಿತಲ್ವಾ?

ಸೋರಿಕೆ ನಿಲ್ಲುತ್ತದೆ, ನಿಜ. ಶೀಟಿಗೂ ಹಂಚಿಗೂ ನಡುವೆ ಒಂದೆರಡು ಅಡಿ ಜಾಗ ಬಿಟ್ಟು, ಎರಡೂ ಕಡೆ ಗಾಳಿ ಹಾಯುವ ಹಾಗೆ ಮಾಡಿ. ಆದರೆ ಹಾಕುವ ಮೊದಲೇ ಕೆಳಗಿನ ಮರ ಪೂರ್ತಿ ನೋಡಿ. ಮೇಲೆ ಮುಚ್ಚಿದ ಮೇಲೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಶೀಟಿನ ಕಂಬವನ್ನು ಹಳೆ ಪಕ್ಕಾಸಿನ ಮೇಲೆ ನಿಲ್ಲಿಸುವ ಕೆಲಸವಂತೂ ಬೇಡವೇ ಬೇಡ.

ದೊಡ್ಡ ಕಪ್ಪು ದುಂಬಿ ಪಕ್ಕಾಸು ಕೊರೆಯುತ್ತಿದೆ.

ಬೆರಳು ಹೋಗುವಷ್ಟು ಅಗಲದ ದುಂಡನೆ ತೂತು, ಕೆಳಗೆ ದಪ್ಪ ಗರಗಸದ ಪುಡಿ. ಅದು ಮರ ತಿನ್ನುವುದಿಲ್ಲ, ಗೂಡು ಮಾಡುತ್ತದೆ. ಒಂದೆರಡು ತೂತಿನಿಂದ ಮಾಡು ಬೀಳುವುದಿಲ್ಲ. ಹಿತ್ತಿಲ ಹೂವುಗಳಿಗೆ ಬರುವುದೂ ಇದೇ. ಗೂಡು ಖಾಲಿಯಾದ ಮೇಲೆ ಮರದ ಬಿರಡೆ ಜಡಿದು ಪೇಂಟ್ ಹಚ್ಚಿ. ಪೇಂಟ್ ಇರುವ ಮರಕ್ಕೆ ಅದು ಬರುವುದು ಕಡಿಮೆ.

ಯಕ್ಷಗಾನದ ಕಿರೀಟ, ಭುಜಕೀರ್ತಿಗೆ ಹುಳು ಹಿಡಿದಿದೆ. ಮದ್ದು ಹಾಕಿದರೆ ಬಣ್ಣ ಹೋಗುತ್ತದೆ.

ಹಗುರ ಮರ, ಒಳಗೆ ಕತ್ತಲೆಯ ಪೆಟ್ಟಿಗೆ. ಕುಟ್ಟೆಗೆ ಇದಕ್ಕಿಂತ ಏನು ಬೇಕು? ಇಂಥ ಸಣ್ಣ ಸಾಮಾನಿಗೆ ಮದ್ದಿಗಿಂತ ಚಳಿ ಒಳ್ಳೆಯದು. ಬಟ್ಟೆ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರಗೆ ತೆಗೆದು ಬಿಗಿಯಾಗಿ ಕಟ್ಟಿ. ಐಸ್‌ಕ್ರೀಮ್ ಇಡುವಂಥ ಡೀಪ್ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ನಮ್ಮ ಗಾಳಿಯ ನೀರೆಲ್ಲ ಅದರ ಮೇಲೆ ಕೂರುತ್ತದೆ. ಬಹಳ ಹಳೆಯದು, ಬಣ್ಣ ಪದರಪದರವಾಗಿ ಏಳುತ್ತಿರುವುದು, ಕನ್ನಡಿ ಕೂರಿಸಿದ್ದು ಆದರೆ ತಜ್ಞರನ್ನು ಕೇಳದೆ ಇದನ್ನು ಮಾಡಬೇಡಿ.

ಕೆಲವರು ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಪೆಟ್ಟಿಗೆಗೆ, ಕಪಾಟಿಗೆ ಹಾಕುತ್ತಾರೆ. ಅದರಿಂದ ಬರುವ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ಮನೆಯೊಳಗೆ ತರಲೇಬಾರದು.

ಪ್ಲೈವುಡ್‌ನಲ್ಲಿ 'ವಾಟರ್‌ಪ್ರೂಫ್' ಅಂತ ಬರೆದಿತ್ತು. ಆದರೂ ಗೆದ್ದಲು ಬಂತು.

ವಾಟರ್‌ಪ್ರೂಫ್ ಅನ್ನುವುದು ಅಂಟಿನ ಗುಣ, ಮರದ್ದಲ್ಲ. ಐಎಸ್ 710 ಗುರುತಿನದ್ದಾದರೆ ಮರಕ್ಕೂ ಮದ್ದು ಕೊಟ್ಟಿರಬೇಕು. ಗುರುತು ಹಲಗೆಯ ಮೇಲೆ ಇದೆಯಾ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಕೊಯ್ದ ಅಂಚಿಗೆ ಪೇಂಟ್ ಹಚ್ಚಲು ಮರೆಯಬೇಡಿ.

ಪೆಸ್ಟ್ ಕಂಟ್ರೋಲ್‌ನವರು 10 ವರ್ಷ ಗ್ಯಾರಂಟಿ ಕೊಡುತ್ತಾರೆ. ನಂಬಬಹುದಾ?

ಗ್ಯಾರಂಟಿಗಿಂತ ಮೊದಲು ಲೈಸೆನ್ಸ್ ಕೇಳಿ. ಕೀಟನಾಶಕ ಕಾಯ್ದೆ 1968ರದ್ದು, ಅದರ ನಿಯಮ 1971ರದ್ದು. ಅದರಂತೆ ಈ ಕೆಲಸಕ್ಕೆ ಲೈಸೆನ್ಸ್ ಬೇಕು. ಆಮೇಲೆ ಯಾವ ಹುಳು ಅಂತ ಕೇಳಿ. ಗುರುತು ತೋರಿಸದೆ ಚದರಡಿ ಲೆಕ್ಕ ಹೇಳುವವರು ಬೇಡ. ಮದ್ದಿನ ಹೆಸರು, ನೀರಿಗೆ ಬೆರೆಸುವ ಪ್ರಮಾಣ ಕಾಗದದಲ್ಲಿ ಬರೆದು ಕೊಡಲಿ. ಡಬ್ಬಿ ನಿಮ್ಮೆದುರೇ ತೆರೆಯಲಿ. ಆಲ್ಡ್ರಿನ್, ಕ್ಲೋರ್ಡೇನ್, ಲಿಂಡೇನ್, ಬಿ.ಎಚ್.ಸಿ. ಇವೆಲ್ಲ ನಿಷೇಧವಾಗಿವೆ. 'ಹಳೇ ಸ್ಟಾಕು, ಒಳ್ಳೇ ಪವರು' ಅಂತ ಯಾರಾದರೂ ತಂದರೆ ಗೇಟಿನಿಂದಲೇ ವಾಪಸ್ಸು ಕಳಿಸಿ. ಖಾಲಿ ಡಬ್ಬಿಯನ್ನೂ ಅವರೇ ಕೊಂಡುಹೋಗಬೇಕು, ತೋಡಿಗೆ ಎಸೆಯಬಾರದು ಅಂತ ಮೊದಲೇ ಹೇಳಿಬಿಡಿ. ಗ್ಯಾರಂಟಿ ಕಾಗದದಲ್ಲಿ ಒಣ ಮರದ ಗೆದ್ದಲು, ಕುಟ್ಟೆ ಎರಡೂ ಸೇರಿವೆಯಾ ಓದಿ ನೋಡಿ. ಹೆಚ್ಚಿನವುಗಳಲ್ಲಿ ಇರುವುದು ನೆಲದ ಗೆದ್ದಲು ಮಾತ್ರ.